ಕಪ್ಪೆಯ ಕಣ್ಣು, ಮಗುವಿನ ಲೆಕ್ಕ: ಆಮೂಲಾಗ್ರ ರಚನಾವಾದದ ಸೈಬರ್ನೆಟಿಕ್ ಬೇರುಗಳು

ರಚನಾವಾದ ಎಂಬ ಮಾತು ಕರ್ನಾಟಕದ ಶಿಕ್ಷಕರಿಗೆ ಹೊಸದಲ್ಲ. ಮಗು ತನ್ನ ಜ್ಞಾನವನ್ನು ತಾನೇ ಕಟ್ಟಿಕೊಳ್ಳುತ್ತದೆ ಎಂಬ ನಿಲುವನ್ನು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಒಪ್ಪಿಕೊಂಡಿತು. ಅಲ್ಲಿಂದೀಚೆಗೆ ಬಿ.ಇಡಿ. ಟಿಪ್ಪಣಿಗಳಲ್ಲಿ, ಸೇವಾನಿರತ ತರಬೇತಿಗಳಲ್ಲಿ, ಪಾಠಯೋಜನೆಯ ನಮೂನೆಗಳಲ್ಲಿ ಈ ಪದ ಬೇರೂರಿದೆ. ಅಲ್ಲಿ ಅದರ ವಂಶಾವಳಿ ಸಾಮಾನ್ಯವಾಗಿ ಪಿಯಾಜೆ, ವೈಗೋಟ್‌ಸ್ಕಿ, ಬ್ರೂನರ್ ಎಂಬ ಮೂರು ಹೆಸರುಗಳಲ್ಲಿ ಮುಗಿದುಹೋಗುತ್ತದೆ. ಮೂವರೂ ಮನಶ್ಶಾಸ್ತ್ರದ ಕಡೆಯವರು. ಹಾಗಾಗಿ ರಚನಾವಾದ ಹುಟ್ಟಿದ್ದು ಮಕ್ಕಳ ಕಲಿಕೆಯನ್ನು ಗಮನಿಸುತ್ತ ಎಂಬ ಭಾವನೆ ಉಳಿದುಬಿಡುತ್ತದೆ.

ಈ ಪಂಥದ ಅತ್ಯಂತ ಕಟ್ಟುನಿಟ್ಟಿನ ಶಾಖೆಗೆ ಈ ವಂಶಾವಳಿ ಸಾಲದು. ಎರ್ನ್‌ಸ್ಟ್ ಫಾನ್ ಗ್ಲಾಸರ್ಸ್‌ಫೆಲ್ಡ್ 1974ರಲ್ಲಿ ಹೆಸರಿಟ್ಟ ಆಮೂಲಾಗ್ರ ರಚನಾವಾದ, ಅಂದರೆ ರ‍್ಯಾಡಿಕಲ್ ಕನ್‌ಸ್ಟ್ರಕ್ಟಿವಿಸಂ, ಬೋಧನಾವಿಧಾನವಲ್ಲ, ಅದೊಂದು ಜ್ಞಾನಮೀಮಾಂಸೆ. ಅರಿವು ಹೊರಜಗತ್ತಿನ ಪ್ರತಿಬಿಂಬವಲ್ಲ, ಅರಿಯುವವನು ತನ್ನ ಅನುಭವದೊಳಗೆ ಕಟ್ಟಿಕೊಂಡ ವ್ಯವಸ್ಥೆ ಎಂಬುದು ಅದರ ಪ್ರತಿಪಾದನೆ. ತತ್ತ್ವಜ್ಞಾನಿಗಳ ದೀರ್ಘ ಪರಂಪರೆ ಈ ಚಿಂತನೆಗೆ ಪ್ರಶ್ನೆಯನ್ನು ಕೊಟ್ಟಿತು, ಉತ್ತರ ಸಿಕ್ಕಿದ್ದು ಪ್ರಯೋಗಾಲಯದಲ್ಲಿ ಎಂಬುದು ಈ ಲೇಖನದ ವಾದ. ಅರಿವು ಜಗತ್ತಿನ ನಕಲಲ್ಲ ಎಂಬ ಅನುಮಾನ ಎರಡು ಸಾವಿರ ವರ್ಷಕ್ಕೂ ಹಳೆಯದು. ನಕಲಲ್ಲದ ಅರಿವು ಬದುಕಿಗೆ ಒದಗುವುದು ಹೇಗೆ ಎಂಬುದಕ್ಕೆ ತೃಪ್ತಿಕರವಾದ ವಿವರಣೆ ದೊರೆತದ್ದು ಮಾತ್ರ 1943ರಿಂದ 1973ರ ನಡುವಿನ ಮೂವತ್ತು ವರ್ಷಗಳಲ್ಲಿ, ಯಂತ್ರ ಮತ್ತು ಜೀವಿಗಳಲ್ಲಿನ ನಿಯಂತ್ರಣವನ್ನು ಅಭ್ಯಸಿಸುವ ಸೈಬರ್ನೆಟಿಕ್ಸ್ ಎಂಬ ಹೊಸ ಶಾಸ್ತ್ರದ ಒಡಲಲ್ಲಿ.

ಮಾಡಿದವನೇ ಬಲ್ಲ

ಗ್ಲಾಸರ್ಸ್‌ಫೆಲ್ಡ್ ತನ್ನ ಪೂರ್ವಸೂರಿಗಳಲ್ಲಿ ಮೊದಲ ಮಣೆ ಹಾಕುವುದು ಜಾಂಬಟಿಸ್ಟ ವೀಕೊನಿಗೆ. ನೇಪಲ್ಸ್ ವಿಶ್ವವಿದ್ಯಾಲಯದಲ್ಲಿ ಭಾಷಣಕಲೆ ಕಲಿಸುತ್ತಿದ್ದ ವೀಕೊ 1710ರಲ್ಲಿ ಇಟಲಿಯ ಪ್ರಾಚೀನರ ಜ್ಞಾನವನ್ನು ಕುರಿತು ಲ್ಯಾಟಿನ್‌ನಲ್ಲಿ ಒಂದು ಪುಟ್ಟ ಗ್ರಂಥ ಪ್ರಕಟಿಸಿದ. ತಾನು ಕಟ್ಟಿದ್ದನ್ನು ಮಾತ್ರ ಮನುಷ್ಯ ಪೂರ್ತಿಯಾಗಿ ಬಲ್ಲ ಎಂಬುದು ಅದರ ತಿರುಳು. ಪ್ರಕೃತಿಯನ್ನು ಕಟ್ಟಿದವನು ದೇವರು, ಆದ್ದರಿಂದ ಅದರ ಪೂರ್ಣಜ್ಞಾನ ದೇವರಿಗೇ ಮೀಸಲು. ಗಣಿತ ನಮಗೆ ಅಷ್ಟು ಖಚಿತವಾಗಿರುವುದು ಅದನ್ನು ನಾವೇ ಕಟ್ಟಿದ್ದರಿಂದ. ಮರುವರ್ಷವೇ ಒಂದು ಇಟಾಲಿಯನ್ ಸಾಹಿತ್ಯಪತ್ರಿಕೆಯ ವಿಮರ್ಶಕ, ಈ ವಾದಕ್ಕೆ ಪುರಾವೆ ಎಲ್ಲಿ ಎಂದು ಆಕ್ಷೇಪಿಸಿದ. ಅದೇ 1710ರಲ್ಲಿ ಡಬ್ಲಿನ್‌ನಲ್ಲಿ, ಗ್ರಹಿಕೆಯಾಚೆಯ ವಸ್ತುಜಗತ್ತನ್ನು ಪ್ರಶ್ನಿಸಿದ ಜಾರ್ಜ್ ಬಾರ್ಕ್ಲಿಯ ಮುಖ್ಯ ಗ್ರಂಥವೂ ಹೊರಬಂತು. ಒಬ್ಬರನ್ನೊಬ್ಬರು ಅರಿಯದ ಇಬ್ಬರು ಒಂದೇ ವರ್ಷ ಒಂದೇ ಗೋಡೆಗೆ ಎರಡು ಕಡೆಯಿಂದ ಕೈಯಿಟ್ಟಿದ್ದರು.

ವೀಕೊಗಿಂತ ಹಿಂದಿನ ಎರಡು ದಾಖಲೆಗಳನ್ನೂ ಗ್ಲಾಸರ್ಸ್‌ಫೆಲ್ಡ್ ಮತ್ತೆ ಮತ್ತೆ ಎತ್ತಿ ಹೇಳುತ್ತಾನೆ. 1543ರಲ್ಲಿ ಕೊಪರ್ನಿಕಸ್‌ನ ಗ್ರಂಥಕ್ಕೆ ಆಂದ್ರೆಯಾಸ್ ಓಸಿಯಾಂಡರ್ ಹೆಸರು ಹಾಕದೆ ಒಂದು ಮುನ್ನುಡಿ ಸೇರಿಸಿದ. ಖಗೋಳಶಾಸ್ತ್ರದ ಊಹೆಗಳು ನಿಜವಾಗಿರಬೇಕಿಲ್ಲ, ಲೆಕ್ಕಕ್ಕೆ ಹೊಂದಿದರೆ ಸಾಕು ಎಂದು ಅಲ್ಲಿ ಬರೆದ. 1615ರಲ್ಲಿ ಕಾರ್ಡಿನಲ್ ಬೆಲ್ಲಾರ್ಮಿನೊ ಗೆಲಿಲಿಯೊನ ಪಕ್ಷದವನೊಬ್ಬನಿಗೆ ಬರೆದ ಪತ್ರದ ಧಾಟಿಯೂ ಇದೇ: ಭೂಮಿ ಸುತ್ತುತ್ತದೆ ಎಂದು ಊಹೆಯಾಗಿ ಹೇಳಿ, ಸತ್ಯವೆಂದು ಹೇಳಬೇಡಿ. ವಿಜ್ಞಾನದ ಇತಿಹಾಸದಲ್ಲಿ ಖಳನ ಪಾತ್ರ ಪಡೆದ ಬೆಲ್ಲಾರ್ಮಿನೊನಲ್ಲಿ ಜ್ಞಾನಮೀಮಾಂಸೆಯ ಒಂದು ಗಟ್ಟಿ ಅಂಶವನ್ನು ಗುರುತಿಸಲು ಧೈರ್ಯ ಬೇಕು. ಆ ಧೈರ್ಯ ಗ್ಲಾಸರ್ಸ್‌ಫೆಲ್ಡ್‌ನಿಗಿತ್ತು. ಆದರೆ ಬೆಲ್ಲಾರ್ಮಿನೊ ಹಾಗೆ ಹೇಳಿದ್ದು ತನ್ನ ಶಾಸ್ತ್ರಗ್ರಂಥದ ಸತ್ಯವನ್ನು ಕಾಪಾಡಲು, ಎಲ್ಲ ಬಗೆಯ ಪರಮಸತ್ಯವನ್ನು ಪ್ರಶ್ನಿಸಲು ಅಲ್ಲ. ಈ ವ್ಯತ್ಯಾಸವನ್ನು ಇನ್ನಷ್ಟು ಒತ್ತಿ ಹೇಳಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಕಾಂಟ್ ಬಗ್ಗೆ ಇಲ್ಲಿ ವಿಸ್ತರಿಸಬೇಕಿಲ್ಲ. ದೇಶ ಮತ್ತು ಕಾಲ ಹೊರಗಿನ ವಸ್ತುಗಳಲ್ಲ, ನಮ್ಮ ಅನುಭವದ ಚೌಕಟ್ಟುಗಳು ಎಂದು 1781ರಲ್ಲಿ ಅವನು ಸಾಧಿಸಿದ್ದು ಎಲ್ಲರಿಗೂ ಗೊತ್ತು. 1911ರಲ್ಲಿ ಹಾನ್ಸ್ ಫೈಹಿಂಗರ್, ಸುಳ್ಳೆಂದು ತಿಳಿದೂ ನಾವು ಉಪಯೋಗಿಸುವ ಕಲ್ಪನೆಗಳ ಮೇಲೆ ದೊಡ್ಡ ಗ್ರಂಥವನ್ನೇ ಬರೆದ. ಯಾಕೋಬ್ ಫಾನ್ ಉಕ್ಸ್‌ಕ್ಯುಲ್ ಪ್ರತಿ ಪ್ರಾಣಿಗೂ ಅದರದೇ ಜಗತ್ತಿದೆ ಎಂದು 1909ರಲ್ಲಿ ತೋರಿಸಿದ.

ಈ ಸಾಲಿನ ಕೊನೆಯಲ್ಲೂ ಒಂದು ಗಂಟು ಬಿಡಿಸದೆ ಉಳಿಯುತ್ತದೆ. ನನ್ನ ತಿಳಿವನ್ನು ಜಗತ್ತಿನೊಂದಿಗೆ ಹೋಲಿಸಿ ನೋಡಬೇಕಾದರೆ, ಆ ಜಗತ್ತನ್ನು ನನ್ನ ತಿಳಿವಿನ ಹೊರಗೆ ನಿಂತು ನೋಡಬೇಕು. ಅದು ಸಾಧ್ಯವಿಲ್ಲ. ಗ್ರೀಸಿನ ಸಂದೇಹವಾದಿಗಳು ಇಷ್ಟನ್ನು ಹೇಳಿ ಸುಮ್ಮನಾದರು. ಹಾಗಾದರೆ ಕೆಲವು ತಿಳಿವುಗಳು ನಮ್ಮನ್ನು ದಡ ಸೇರಿಸುತ್ತವೆ, ಇನ್ನು ಕೆಲವು ಮುಳುಗಿಸುತ್ತವೆ, ಇದು ಹೇಗೆ? ತತ್ತ್ವಶಾಸ್ತ್ರದ ಭಾಷೆಯೊಳಗೇ ಉಳಿದವರಿಗೆ ಇದಕ್ಕೆ ದೇವರೋ ಪೂರ್ವನಿಶ್ಚಿತ ಸಾಮರಸ್ಯವೋ ಬೇಕಾಯಿತು.

ತಪ್ಪಿನಿಂದ ದಾರಿ ಹಿಡಿಯುವ ಯಂತ್ರ

ಎರಡನೆಯ ಮಹಾಯುದ್ಧದ ಸಮಯದಲ್ಲಿ ಎಂಐಟಿಯ ಗಣಿತಜ್ಞ ನಾರ್ಬರ್ಟ್ ವೀನರ್ ಮತ್ತು ಎಂಜಿನಿಯರ್ ಜೂಲಿಯನ್ ಬಿಗೆಲೊ ವಿಮಾನ ಹೊಡೆಯುವ ಫಿರಂಗಿಗೆ ಗುರಿ ಊಹಿಸುವ ಸಾಧನದ ಮೇಲೆ ಕೆಲಸ ಮಾಡುತ್ತಿದ್ದರು. ಗುರಿಗೂ ಫಲಕ್ಕೂ ಇರುವ ಅಂತರವನ್ನು ಯಂತ್ರಕ್ಕೆ ಮತ್ತೆ ಉಣಿಸಿ ಅದರ ನಡೆಯನ್ನು ತಿದ್ದುವ ಕ್ರಮಕ್ಕೆ ಫೀಡ್‌ಬ್ಯಾಕ್ ಎಂದು ಹೆಸರು. ತಿದ್ದುಪಡಿ ಅತಿಯಾದರೆ ಯಂತ್ರ ಅತ್ತಿತ್ತ ತೂಗಾಡತೊಡಗುತ್ತದೆ. ಮನುಷ್ಯರಲ್ಲಿ ಇಂಥ ತೂಗಾಟ ಇದೆಯೇ ಎಂದು ಅವರು ಶರೀರಶಾಸ್ತ್ರಜ್ಞ ಆರ್ಟುರೋ ರೋಸೆನ್‌ಬ್ಲೂತ್‌ನನ್ನು ಕೇಳಿದರು. ಇದೆ ಎಂಬ ಉತ್ತರ ಬಂತು. ಕಿರುಮೆದುಳಿಗೆ ಪೆಟ್ಟಾದ ರೋಗಿ ನೀರಿನ ಲೋಟವನ್ನು ಬಾಯಿಗೆ ಒಯ್ಯುವಾಗ, ಲೋಟ ಬಾಯಿಯ ಹತ್ತಿರವಾದಷ್ಟೂ ಕೈಯ ಓಲಾಟ ಹೆಚ್ಚುತ್ತ ನೀರು ಚೆಲ್ಲಿಹೋಗುತ್ತದೆ. ಮೂವರೂ ಸೇರಿ 1943ರಲ್ಲಿ ಪ್ರಕಟಿಸಿದ ಪ್ರಬಂಧ, ಉದ್ದೇಶ ಎಂಬ ಮಾತನ್ನು ವಿಜ್ಞಾನದೊಳಕ್ಕೆ ಮರಳಿ ಕರೆತಂದಿತು. ಅದೇ ವರ್ಷ ವಾರನ್ ಮೆಕಲಕ್ ಮತ್ತು ವಾಲ್ಟರ್ ಪಿಟ್ಸ್, ನರಕೋಶಗಳ ಜಾಲ ತಾರ್ಕಿಕ ವಾಕ್ಯಗಳ ಕೆಲಸ ಮಾಡಬಲ್ಲದು ಎಂದು ಗಣಿತದಲ್ಲಿ ತೋರಿಸಿದರು.

1946ರಿಂದ 1953ರವರೆಗೆ ಮೇಸಿ ಪ್ರತಿಷ್ಠಾನ ಇಂಥ ವಿಚಾರಗಳ ಮೇಲೆ ಹತ್ತು ಸಮ್ಮೇಳನಗಳನ್ನು ನಡೆಸಿತು. ಅಧ್ಯಕ್ಷತೆ ಮೆಕಲಕ್‌ನದು. ವೀನರ್, ಜಾನ್ ಫಾನ್ ನಾಯ್ಮನ್, ಮಾನವಶಾಸ್ತ್ರಜ್ಞರಾದ ಮಾರ್ಗರೆಟ್ ಮೀಡ್ ಮತ್ತು ಗ್ರೆಗರಿ ಬೇಟ್ಸನ್ ಒಂದೇ ಮೇಜಿನ ಸುತ್ತ ಕೂತು ವಾದಿಸಿದರು. 1949ರಲ್ಲಿ ವಿಯೆನ್ನಾದಿಂದ ಬಂದ ಭೌತಶಾಸ್ತ್ರಜ್ಞ ಹೈಂಝ್ ಫಾನ್ ಫರ್ಸ್ಟರ್‌ನಿಗೆ ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ. ಭಾಷೆ ಕಲಿಯಲೆಂದೇ ಸಮ್ಮೇಳನದ ನಡಾವಳಿಯನ್ನು ಸಂಪಾದಿಸುವ ಕೆಲಸವನ್ನು ಅವನಿಗೆ ವಹಿಸಿದರು. ಸಮ್ಮೇಳನದ ಉದ್ದನೆಯ ಹೆಸರು ಅವನಿಗೆ ತೊಡಕೆನಿಸಿತು. ವೀನರ್‌ನ 1948ರ ಗ್ರಂಥದ ಶೀರ್ಷಿಕೆಯನ್ನೇ ಎತ್ತಿಕೊಂಡು, ಸಂಪುಟಗಳನ್ನು ಸೈಬರ್ನೆಟಿಕ್ಸ್ ಎಂದು ಕರೆಯೋಣ ಎಂದವನು ಅವನೇ.

ನನ್ನ ವಾದಕ್ಕೆ ಮುಖ್ಯವಾದ ಯಂತ್ರ ಇದ್ದದ್ದು ಇಂಗ್ಲೆಂಡಿನಲ್ಲಿ. ಮನೋವೈದ್ಯ ರಾಸ್ ಆಶ್‌ಬಿ ಗ್ಲಾಸ್ಟರ್‌ನ ಬಾರ್ನ್‌ವುಡ್ ಹೌಸ್ ಆಸ್ಪತ್ರೆಯಲ್ಲಿ ಯುದ್ಧದ ಮಿಕ್ಕ ಸಾಮಗ್ರಿಗಳಿಂದ 1948ರಲ್ಲಿ ಹೋಮಿಯೋಸ್ಟಾಟ್ ಎಂಬುದನ್ನು ಕಟ್ಟಿದ. ನಾಲ್ಕು ಪೆಟ್ಟಿಗೆಗಳು. ಪ್ರತಿಯೊಂದರ ತಲೆಯ ಮೇಲೂ ಒಂದು ಅಯಸ್ಕಾಂತದ ಸೂಜಿ. ಪ್ರತಿಯೊಂದೂ ಉಳಿದ ಮೂರಕ್ಕೆ ವಿದ್ಯುತ್ತಿನಿಂದ ಜೋಡಣೆ. ಯಾವುದೇ ಸೂಜಿ ನಿಗದಿತ ಮಿತಿ ದಾಟಿದರೆ ಆ ಪೆಟ್ಟಿಗೆಯೊಳಗಿನ ಸ್ವಿಚ್ ತನ್ನ 25 ಸ್ಥಾನಗಳಲ್ಲಿ ಮುಂದಿನದಕ್ಕೆ ಜಿಗಿದು ಸಂಪರ್ಕವನ್ನೇ ಬದಲಿಸುತ್ತದೆ. ನಾಲ್ಕೂ ಸೇರಿದರೆ 3,90,625 ಜೋಡಣೆಗಳು. ತಂತಿಗಳನ್ನು ಅದಲುಬದಲು ಮಾಡಿದರೂ ಸೂಜಿಯನ್ನು ಕೈಯಲ್ಲಿ ಹಿಡಿದು ತಡೆದರೂ ಯಂತ್ರ ತಡವರಿಸುತ್ತ, ಜಿಗಿಯುತ್ತ, ಕೊನೆಗೆ ನಾಲ್ಕೂ ಸೂಜಿಗಳು ನಡುವಿಗೆ ಬಂದು ನಿಲ್ಲುವ ಒಂದು ಜೋಡಣೆಯನ್ನು ಹಿಡಿಯುತ್ತದೆ.

ತನಗೆ ಅಡ್ಡಿ ಮಾಡಿದವರು ಯಾರು, ಏನು ಎಂಬುದು ಆ ಯಂತ್ರಕ್ಕೆ ಗೊತ್ತಿಲ್ಲ. ಹೊರಗಿನ ಯಾವ ಚಿತ್ರವೂ ಅದರೊಳಗಿಲ್ಲ. ತನ್ನ ಸೂಜಿ ಮಿತಿ ಮೀರಿತು ಎಂಬ ಒಂದೇ ಸುದ್ದಿ ಅದಕ್ಕೆ ತಲುಪುತ್ತದೆ. ಅಷ್ಟರಿಂದಲೇ ಅದು ಹೊಂದಿಕೊಂಡಿತು. ಸಂದೇಹವಾದಿಗಳ ಗಂಟು ಸಡಿಲಾದದ್ದು ಇಲ್ಲಿ ಎಂದು ನಾನು ತಿಳಿಯುತ್ತೇನೆ. ಜಗತ್ತನ್ನು ಅರಿಯದೆಯೇ ಜಗತ್ತಿನಲ್ಲಿ ಬಾಳುವುದು ಸಾಧ್ಯ. ಬೇಕಾದದ್ದು ಸೋಲನ್ನು ಗುರುತಿಸುವ ಶಕ್ತಿ ಮತ್ತು ಬೇರೆ ದಾರಿ ಹಿಡಿಯುವ ಅವಕಾಶ.

ಈ ಒಳನೋಟವನ್ನು ಸಿದ್ಧಾಂತದ ರೂಪಕ್ಕೆ ತಂದವನು ಬೇಟ್ಸನ್. ಸೈಬರ್ನೆಟಿಕ್ ವಿವರಣೆ ನಿಷೇಧದ ಮೂಲಕ ನಡೆಯುತ್ತದೆ ಎಂದು 1967ರ ಲೇಖನವೊಂದರಲ್ಲಿ ಅವನು ಬರೆದ. ಇದು ಯಾಕೆ ಆಯಿತು ಎಂದು ಅದು ಕೇಳುವುದಿಲ್ಲ. ಉಳಿದವು ಯಾಕೆ ಆಗಲಿಲ್ಲ, ಯಾವ ತಡೆಗಳು ಅವನ್ನು ಕಳೆದುಹಾಕಿದವು ಎಂದು ಕೇಳುತ್ತದೆ. ಬೇಟ್ಸನ್ ಇದಕ್ಕೆ ಮಾದರಿಯಾಗಿ ಕಂಡದ್ದು ನೈಸರ್ಗಿಕ ಆಯ್ಕೆಯನ್ನು. ಆಲ್‌ಫ್ರೆಡ್ ವಾಲೇಸ್ 1858ರ ತನ್ನ ಪ್ರಬಂಧದಲ್ಲಿ ನೈಸರ್ಗಿಕ ಆಯ್ಕೆಯನ್ನು ಉಗಿಯಂತ್ರದ ವೇಗ ಕಾಯುವ ಗವರ್ನರ್‌ಗೆ ಹೋಲಿಸಿದ್ದನ್ನು ಅವನು ಬಹಳ ಮೆಚ್ಚಿಕೊಂಡಿದ್ದ. ಪರಿಸರ ಜೀವಿಗೆ ರೂಪ ಕೊಡುವುದಿಲ್ಲ, ಬಾಳಲಾರದ್ದನ್ನು ಮಾತ್ರ ಅಳಿಸುತ್ತದೆ.

ಕಪ್ಪೆ ಕಂಡದ್ದೇನು

1959ರಲ್ಲಿ ಜೆರೋಮ್ ಲೆಟ್ವಿನ್, ಚಿಲಿಯ ಉಂಬೆರ್ತೊ ಮತುರಾನ, ಮೆಕಲಕ್ ಮತ್ತು ಪಿಟ್ಸ್ ಪ್ರಕಟಿಸಿದ ಪ್ರಬಂಧದ ಪ್ರಯೋಗವನ್ನು ಹತ್ತಿರದಿಂದ ನೋಡಬೇಕು. ಕಪ್ಪೆಯ ಒಂದು ಕಣ್ಣಿನ ಮುಂದೆ 14 ಇಂಚು ವ್ಯಾಸದ ಅಲ್ಯೂಮಿನಿಯಂ ಅರ್ಧಗೋಳ. ಅದರ ಒಳಮೈಯಲ್ಲಿ ಸಣ್ಣ ವಸ್ತುಗಳು, ಹೊರಗಿನಿಂದ ಅಯಸ್ಕಾಂತ ಹಿಡಿದು ಅವನ್ನು ಜರುಗಿಸುವ ಏರ್ಪಾಡು. ದೃಷ್ಟಿನರದ ಒಂದೊಂದು ಎಳೆಯ ಮಿಡಿತವನ್ನು ಸೂಕ್ಷ್ಮ ತಂತಿಯಿಂದ ಕೇಳಿಸಿಕೊಳ್ಳುತ್ತಿದ್ದರು. ಕಪ್ಪೆಯ ಎತ್ತರದಿಂದ ಕಾಣುವ ಹೂವು, ಹುಲ್ಲುಗಳ ದೊಡ್ಡ ಬಣ್ಣದ ಛಾಯಾಚಿತ್ರವನ್ನು ಅದರ ಕಣ್ಣಿನ ಮುಂದೆ ಆಡಿಸಿದರು. ಒಂದು ಬಗೆಯ ಎಳೆ ಮಿಸುಕಲಿಲ್ಲ. ಅದೇ ಚಿತ್ರದ ಮೇಲೆ ನೊಣದಷ್ಟು ಗಾತ್ರದ ಒಂದು ವಸ್ತುವನ್ನಿಟ್ಟು ಅದನ್ನು ಮಾತ್ರ ಸರಿಸಿದಾಗ ಎಳೆ ಜೋರಾಗಿ ಮಿಡಿಯಿತು. ವಸ್ತುವನ್ನು ಚಿತ್ರಕ್ಕೆ ಅಂಟಿಸಿ ಇಡೀ ಚಿತ್ರವನ್ನು ಆಡಿಸಿದರೆ ಮತ್ತೆ ಮೌನ. ಕಪ್ಪೆಯ ಕಣ್ಣು ಬೆಳಕಿನ ನಕ್ಷೆಯನ್ನು ಮೆದುಳಿಗೆ ಕಳಿಸುತ್ತಿರಲಿಲ್ಲ. ಆಗಲೇ ವಿಂಗಡಿಸಿದ, ಕಪ್ಪೆಯ ಹಸಿವಿಗೆ ತಕ್ಕಂತೆ ಕಟ್ಟಿದ ಸುದ್ದಿಯನ್ನು ಕಳಿಸುತ್ತಿತ್ತು. ಚಲಿಸದ ಆಹಾರ ಸುತ್ತ ರಾಶಿ ಬಿದ್ದಿದ್ದರೂ ಕಪ್ಪೆ ಹಸಿದು ಸಾಯಬಲ್ಲದು.

ಆದರೂ ಈ ಪ್ರಬಂಧದಲ್ಲಿ ಹೊರಗೆ ನೊಣ ಇದೆ, ಕಣ್ಣು ಅದನ್ನು ಪತ್ತೆಹಚ್ಚುತ್ತದೆ ಎಂಬ ಭಾಷೆ ಉಳಿದಿತ್ತು. ಸ್ಯಾಂಟಿಯಾಗೊಗೆ ಮರಳಿದ ಮತುರಾನ 1960ರ ದಶಕದಲ್ಲಿ ಬಣ್ಣದ ದೃಷ್ಟಿಯನ್ನು ಕೈಗೆತ್ತಿಕೊಂಡಾಗ ಆ ಭಾಷೆ ಕುಸಿಯಿತು. ಅಕ್ಷಿಪಟಲದ ಕೋಶಗಳ ಚಟುವಟಿಕೆಯನ್ನು ಬೆಳಕಿನ ತರಂಗಾಂತರದೊಂದಿಗೆ ಹೊಂದಿಸಲು ಆಗಲಿಲ್ಲ. ಕೆಂಪು ಮತ್ತು ಬಿಳಿ ದೀಪಗಳ ನಡುವೆ ಕೈ ಹಿಡಿದರೆ ಒಂದು ನೆರಳು ಹಸಿರಾಗಿ ಕಾಣುತ್ತದೆ. ಅಲ್ಲಿ ಹಸಿರು ಬೆಳಕು ಹೆಚ್ಚಾಗಿ ಇರುವುದಿಲ್ಲ. ಸಹೋದ್ಯೋಗಿಗಳೊಡನೆ 1968ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಮತುರಾನ ಪ್ರಶ್ನೆಯನ್ನೇ ತಿರುಗಿಸಿ, ಕೋಶಗಳ ಚಟುವಟಿಕೆಯನ್ನು ನೋಡುವವನು ಬಣ್ಣಕ್ಕೆ ಕೊಡುವ ಹೆಸರಿನೊಂದಿಗೆ ಹೊಂದಿಸಿದ. ನರಮಂಡಲ ತನ್ನದೇ ಸ್ಥಿತಿಗಳಿಗೆ ಸ್ಪಂದಿಸುವ ಮುಚ್ಚಿದ ಜಾಲ ಎಂಬ ನಿಲುವಿಗೆ ಅವನು ಬಂದ ದಾರಿ ಇದು. ಇಡೀ ಕಥೆಯಲ್ಲಿ ನಿರ್ಣಾಯಕ ತಿರುವು ಯಾವುದೆಂದು ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ, ವೀಕೊನ ಗ್ರಂಥವನ್ನಲ್ಲ.

ಈ ವಿಚಾರಗಳಿಗೆ ಆಸರೆಯಾದದ್ದು ಫಾನ್ ಫರ್ಸ್ಟರ್ 1958ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಸ್ಥಾಪಿಸಿದ ಬಯಾಲಾಜಿಕಲ್ ಕಂಪ್ಯೂಟರ್ ಲ್ಯಾಬೊರೇಟರಿ. ಆಶ್‌ಬಿ 1961ರಲ್ಲಿ ಅಲ್ಲಿಗೆ ಬಂದ. ಮತುರಾನನ ಅರಿವಿನ ಜೀವಶಾಸ್ತ್ರ ಎಂಬ ಪ್ರಬಂಧ 1970ರಲ್ಲಿ ಅಲ್ಲಿನ ವರದಿಯಾಗಿ ಹೊರಬಂತು. ಹಣ ಬಂದದ್ದು ಬಹುಪಾಲು ಅಮೆರಿಕದ ನೌಕಾಪಡೆ ಮತ್ತು ವಾಯುಪಡೆಯ ಸಂಶೋಧನಾ ವಿಭಾಗಗಳಿಂದ. ಸೇನೆಯ ಹಣ ನೇರವಾಗಿ ಸೇನೆಗೆ ಬೇಕಾದ ಸಂಶೋಧನೆಗೇ ಹೋಗಬೇಕೆಂಬ ನಿಯಮ 1970ರ ಹೊತ್ತಿಗೆ ಬಿಗಿಯಾದಾಗ ಪ್ರಯೋಗಾಲಯ ಸೊರಗಿ, ಆ ದಶಕದ ನಡುವೆ ಮುಚ್ಚಿತು. ಅರಿಯುವವನ ಸ್ವಾಯತ್ತತೆಯನ್ನು ಸಾರಿದ ಚಿಂತನೆಯ ಖರ್ಚು ನೋಡಿಕೊಂಡದ್ದು ಯುದ್ಧದ ಬೊಕ್ಕಸ ಎಂಬುದನ್ನು ಇತಿಹಾಸ ಬರೆಯುವವರು ಮರೆಮಾಚಬಾರದು.

1973ರಲ್ಲಿ ವರ್ಜೀನಿಯಾದಲ್ಲಿ ನೀಡಿದ, ವಾಸ್ತವವನ್ನು ಕಟ್ಟುವುದರ ಕುರಿತ ಉಪನ್ಯಾಸದಲ್ಲಿ ಫರ್ಸ್ಟರ್ ಒಂದು ಲೆಕ್ಕ ಕೊಟ್ಟ. ಮನುಷ್ಯನಲ್ಲಿ ಹೊರಗಿನ ಬದಲಾವಣೆಗೆ ಸ್ಪಂದಿಸುವ ಗ್ರಾಹಕ ಕೋಶಗಳು ಸುಮಾರು 10 ಕೋಟಿ. ನರಮಂಡಲದೊಳಗಿನ ಸಂಧಿಗಳು ಸುಮಾರು 10 ಲಕ್ಷ ಕೋಟಿ. ಅಂದರೆ ಹೊರಗಿನದಕ್ಕಿಂತ ಒಳಗಿನ ಬದಲಾವಣೆಗೆ ನಾವು ಒಂದು ಲಕ್ಷ ಪಟ್ಟು ಹೆಚ್ಚು ತೆರೆದವರು. ಪ್ರತಿ ಗ್ರಾಹಕ ಕೋಶವೂ ಎಷ್ಟು ಎಂಬುದನ್ನಷ್ಟೇ ಸಾರುತ್ತದೆ, ಏನು ಎಂಬುದನ್ನಲ್ಲ. ಆ ಏನು ಎಂಬುದೆಲ್ಲ ಒಳಗಿನ ಲೆಕ್ಕಾಚಾರದ ಫಲ. ನೋಡುವವನನ್ನೂ ನೋಟದ ವಿವರಣೆಯೊಳಗೆ ಸೇರಿಸುವ ಈ ಹಂತಕ್ಕೆ ಎರಡನೆಯ ಸ್ತರದ ಸೈಬರ್ನೆಟಿಕ್ಸ್ ಎಂಬ ಹೆಸರು ನಿಂತಿತು.

ಗ್ಲಾಸರ್ಸ್‌ಫೆಲ್ಡ್‌ನ ದಾರಿ

1917ರಲ್ಲಿ ಮ್ಯೂನಿಕ್‌ನಲ್ಲಿ ಹುಟ್ಟಿ ದಕ್ಷಿಣ ಟಿರೋಲ್‌ನಲ್ಲಿ ಬೆಳೆದ ಗ್ಲಾಸರ್ಸ್‌ಫೆಲ್ಡ್‌ನಿಗೆ ಚಿಕ್ಕಂದಿನಲ್ಲೇ ಹಲವು ಭಾಷೆಗಳು ಬರುತ್ತಿದ್ದವು. ಝೂರಿಕ್ ಮತ್ತು ವಿಯೆನ್ನಾಗಳಲ್ಲಿ ಗಣಿತದ ಓದು ಅರ್ಧಕ್ಕೇ ನಿಂತಿತು. ಯುದ್ಧಕಾಲವನ್ನು ಐರ್ಲೆಂಡಿನಲ್ಲಿ ರೈತನಾಗಿ ಕಳೆದ. ವೀಕೊನ ಹೆಸರು ಅವನ ಕಿವಿಗೆ ಬಿದ್ದದ್ದು ಅಲ್ಲಿ, ಜೇಮ್ಸ್ ಜಾಯ್ಸ್‌ನ ಕೃತಿಯ ಮೂಲಕ. ಯುದ್ಧದ ನಂತರ ಇಟಲಿಗೆ ಮರಳಿ ಸಿಲ್ವಿಯೊ ಚೆಕ್ಕಾತೊನ ಬಳಗ ಸೇರಿದ. ಒಂದು ಮಾತಿನ ಅರ್ಥವೆಂದರೆ ಅದನ್ನು ಕಟ್ಟಲು ಮನಸ್ಸು ಮಾಡುವ ಕ್ರಿಯೆಗಳ ಸರಣಿ ಎಂದು ಆ ಬಳಗ ನಂಬಿತ್ತು. ಮಿಲಾನಿನಲ್ಲಿ ನಡೆದ ಯಂತ್ರಾನುವಾದದ ಕೆಲಸ ಅವನನ್ನು 1966ರಲ್ಲಿ ಅಮೆರಿಕದ ಜಾರ್ಜಿಯಾಕ್ಕೆ ಒಯ್ದಿತು. ಅಲ್ಲಿ ಯರ್ಕ್ಸ್ ಸಂಶೋಧನಾ ಕೇಂದ್ರದ ಲಾನಾ ಎಂಬ ಚಿಂಪಾಂಜಿಗಾಗಿ ಯರ್ಕಿಶ್ ಎಂಬ ಚಿಹ್ನೆಗಳ ಭಾಷೆಯನ್ನು ರೂಪಿಸಿದ. ಕಿತ್ತಳೆ ಹಣ್ಣಿಗೆ ಲಾನಾಳ ಬಳಿ ಚಿಹ್ನೆ ಇರಲಿಲ್ಲ. ಕಿತ್ತಳೆ ಬಣ್ಣದ ಸೇಬನ್ನು ಕೊಡು ಎಂದು ಅವಳು ಗುಂಡಿ ಒತ್ತಿ ಕೇಳಿದಳು. ಇದ್ದ ಸಲಕರಣೆಯಿಂದಲೇ ಹೊಸದನ್ನು ಕಟ್ಟಿ ಕೆಲಸ ಸಾಧಿಸುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಜಾರ್ಜಿಯಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗದಲ್ಲಿ ಚಾರ್ಲ್ಸ್ ಸ್ಮಾಕ್‌ನ ಸಹವಾಸದಿಂದ ಅವನು ಪಿಯಾಜೆಯನ್ನು ಓದಿದ. ಬಹುಮಂದಿ ಓದುವಂತೆ ಮಕ್ಕಳ ವಯೋಹಂತಗಳ ಪಟ್ಟಿಗಾಗಿ ಓದಲಿಲ್ಲ. ಸರೋವರದ ಬಸವನಹುಳುಗಳನ್ನು ಅಭ್ಯಾಸ ಮಾಡಿದ ಜೀವಶಾಸ್ತ್ರಜ್ಞನಾಗಿ ಪಿಯಾಜೆಯನ್ನು ಕಂಡ. ಅಲೆ ಹೊಡೆಯುವ ನೀರಿನಲ್ಲಿ ಚಿಪ್ಪು ಗಿಡ್ಡವಾಗಿ ದುಂಡಗಾಗುತ್ತದೆ. ಆ ಚಿಪ್ಪು ಅಲೆಯ ಚಿತ್ರವಲ್ಲ, ಅಲೆಗೆ ತಾಳಿಕೊಂಡ ರೂಪ. ಬುದ್ಧಿ ತನ್ನನ್ನು ವ್ಯವಸ್ಥೆಗೊಳಿಸಿಕೊಳ್ಳುತ್ತಲೇ ಜಗತ್ತನ್ನು ವ್ಯವಸ್ಥೆಗೊಳಿಸುತ್ತದೆ ಎಂದು ಪಿಯಾಜೆ 1937ರ ಗ್ರಂಥದಲ್ಲಿ ಹೇಳಿದ್ದು ಹೀಗೆ ಅರ್ಥವಾಯಿತು. ಇದರ ಜೊತೆಗೆ ವಿಲಿಯಂ ಪವರ್ಸ್ 1973ರ ತನ್ನ ಗ್ರಂಥದಲ್ಲಿ, ಜೀವಿ ನಿಯಂತ್ರಿಸುವುದು ಹೊರಜಗತ್ತನ್ನಲ್ಲ, ತನ್ನ ಗ್ರಹಿಕೆಗಳನ್ನು ಎಂದು ಫೀಡ್‌ಬ್ಯಾಕ್ ಮಾದರಿಯಿಂದ ತೋರಿಸಿದ್ದ. ಮರುವರ್ಷ ಸ್ಮಾಕ್ ಜೊತೆಗಿನ ವರದಿಯಲ್ಲಿ ಆಮೂಲಾಗ್ರ ರಚನಾವಾದ ಎಂಬ ಹೆಸರು ಬಂತು. ಕಾಲಾನುಕ್ರಮವನ್ನೇ ನೋಡಿದರೂ ವೀಕೊ ಮೊದಲು ಕಿವಿಗೆ ಬಿದ್ದಿದ್ದ, ಆದರೆ ಸಿದ್ಧಾಂತ ನಿಂತದ್ದು ಸೈಬರ್ನೆಟಿಕ್ಸ್ ಕೈಗೆ ಸಿಕ್ಕ ಮೇಲೆ.

ಹೊಂದಿಕೆಯೆಂಬ ಅಳತೆ

ಹೋಲಿಕೆ ಬೇರೆ, ಹೊಂದಿಕೆ ಬೇರೆ ಎಂಬುದು ಗ್ಲಾಸರ್ಸ್‌ಫೆಲ್ಡ್‌ನ ಸಿದ್ಧಾಂತದ ನಡುಗಂಬ. ಇದಕ್ಕೆ ಅವನದೇ ಉದಾಹರಣೆ ಬೀಗ ಮತ್ತು ಕೀಲಿಯದು. ಕೀಲಿ ಬೀಗ ತೆರೆಯಿತು ಎಂದರೆ ಅದು ಹೊಂದಿತು ಎಂದಷ್ಟೇ ಅರ್ಥ. ಬೀಗದ ಒಳಗನ್ನು ಅದು ಚಿತ್ರಿಸುವುದಿಲ್ಲ. ಬೇರೆ ಆಕಾರದ ಕೀಲಿಯೂ ಅದೇ ಬೀಗವನ್ನು ತೆರೆಯಬಹುದು. ಹೊಂದದ ಕೀಲಿ ಮಾತ್ರ ಸ್ಪಷ್ಟವಾಗಿ ಏನನ್ನೋ ಹೇಳುತ್ತದೆ. ಇದು ಬೇಟ್ಸನ್‌ನ ನಿಷೇಧ, ಆಶ್‌ಬಿಯ ಮಿತಿ ಮೀರಿದ ಸೂಜಿ.

ಹೊಂದದ್ದು ಸೋಲುತ್ತದೆ ಎಂಬ ಈ ಅರ್ಧವನ್ನು ಬಿಟ್ಟು ಓದಿದಾಗಲೇ ಆಮೂಲಾಗ್ರ ರಚನಾವಾದ ಅವರವರ ಸತ್ಯ ಅವರವರಿಗೆ ಎಂಬ ಸಡಿಲ ಮಾತಾಗಿಬಿಡುತ್ತದೆ. 1987ರಲ್ಲಿ ಮಾಂಟ್ರಿಯಲ್‌ನಲ್ಲಿ ಗಣಿತ ಶಿಕ್ಷಣದ ಮನಶ್ಶಾಸ್ತ್ರಜ್ಞರು ಸೇರಿದಾಗ ಜೆರೆಮಿ ಕಿಲ್‌ಪ್ಯಾಟ್ರಿಕ್ ಈ ಸಿದ್ಧಾಂತವನ್ನು ಕಟುವಾಗಿ ಪ್ರಶ್ನಿಸಿದ. ವಿಜ್ಞಾನ ಶಿಕ್ಷಣದಲ್ಲಿ ಮೈಕೆಲ್ ಮ್ಯಾಥ್ಯೂಸ್ ಆ ವಿಮರ್ಶೆಯನ್ನು ಮುಂದುವರಿಸಿದ. ಅವರ ಟೀಕೆಯಲ್ಲಿ ಒಂದು ಭಾಗ ಸರಿ: ಹೊಂದಿಕೆಯೊಂದರಿಂದಲೇ ವಿಜ್ಞಾನದ ಯಶಸ್ಸು ಪೂರ್ತಿ ವಿವರವಾಗುತ್ತದೆಯೇ ಎಂಬ ಪ್ರಶ್ನೆ ಇನ್ನೂ ಜೀವಂತ. ಆದರೆ ಎಲ್ಲ ರಚನೆಗಳೂ ಸಮಾನ ಎಂದು ಗ್ಲಾಸರ್ಸ್‌ಫೆಲ್ಡ್ ಎಂದೂ ಹೇಳಲಿಲ್ಲ. ಇನ್ನು ನಮ್ಮಲ್ಲಿ ಇದನ್ನು ಮಾಯಾವಾದದೊಂದಿಗೆ ತಳುಕು ಹಾಕುವ ಆಸೆ ಸಹಜ. ಜಗತ್ತು ಮಿಥ್ಯೆ ಎಂದು ಈ ಸಿದ್ಧಾಂತ ಹೇಳುವುದಿಲ್ಲ. ಅದರ ಇರುವಿಕೆಯ ಬಗ್ಗೆ ಮಾತೇ ಆಡುವುದಿಲ್ಲ. ಭಾರತೀಯ ದರ್ಶನದೊಂದಿಗೆ ನಿಜವಾದ ಕೊಂಡಿ ಬೇಕೆಂದವರು ಮತುರಾನನ ಶಿಷ್ಯ ಫ್ರಾನ್ಸಿಸ್ಕೊ ವರೇಲ ಇನ್ನಿಬ್ಬರೊಡನೆ 1991ರಲ್ಲಿ ಬರೆದ ಗ್ರಂಥವನ್ನು ನೋಡಬಹುದು. ಅಲ್ಲಿ ನಾಗಾರ್ಜುನನ ಮಾಧ್ಯಮಿಕ ದರ್ಶನದೊಂದಿಗೆ ನೇರ ಸಂವಾದವಿದೆ.

ತರಗತಿಯಲ್ಲಿ ಈ ಭೇದ ಎಷ್ಟು ಮುಖ್ಯ ಎಂಬುದಕ್ಕೆ ಒಂದು ಲೆಕ್ಕ ಸಾಕು. 31ರಿಂದ 17 ಕಳೆ ಎಂದಾಗ ಮಗು 26 ಎಂದು ಬರೆಯುತ್ತದೆ. ಇದು ಅಡ್ಡಾದಿಡ್ಡಿ ತಪ್ಪಲ್ಲ. ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಎಂಬ ನಿಯಮವನ್ನು ಮಗು ಕಟ್ಟಿಕೊಂಡಿದೆ. 38ರಿಂದ 17 ಕಳೆದಾಗ ಆ ನಿಯಮ ಸರಿಯಾದ ಉತ್ತರವನ್ನೇ ಕೊಟ್ಟಿತ್ತು, ಆದ್ದರಿಂದ ಅದನ್ನು ಬಿಡಲು ಮಗುವಿಗೆ ಕಾರಣವಿರಲಿಲ್ಲ. ಕೆಂಪು ಶಾಯಿಯಲ್ಲಿ ಗೀಟು ಹಾಕಿ 14 ಎಂದು ಬರೆದುಕೊಟ್ಟರೆ ಮಗುವಿನ ನಿಯಮ ಹಾಗೇ ಉಳಿಯುತ್ತದೆ. ಮಗು ಕಟ್ಟಿಕೊಂಡದ್ದೇ ಅದರ ಸತ್ಯ ಎಂದು ಸುಮ್ಮನಾದರೂ ಉಳಿಯುತ್ತದೆ. 26ಕ್ಕೆ 17 ಕೂಡಿಸಿ ನೋಡು ಎಂದಾಗ 43 ಬರುತ್ತದೆ, 31 ಅಲ್ಲ. ಮಗುವಿನ ನಿಯಮ ಮಗುವಿನ ಕಣ್ಣೆದುರೇ ಸೋಲುವುದು ಆಗ. ಗ್ಲಾಸರ್ಸ್‌ಫೆಲ್ಡ್ ಜಾರ್ಜಿಯಾದಲ್ಲಿ ಲೆಸ್ ಸ್ಟೆಫ್ ಮತ್ತಿತರರೊಡನೆ ಮಕ್ಕಳ ಎಣಿಕೆಯ ಬಗೆಗಳನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದೂ ಇಂಥ ಒಳನಿಯಮಗಳನ್ನು ಹುಡುಕಲೆಂದೇ. ಆ ಕೆಲಸ 1983ರಲ್ಲಿ ಗ್ರಂಥವಾಗಿ ಬಂತು.

ಚಟುವಟಿಕೆ ಮಾಡಿಸುವುದೇ ರಚನಾವಾದ ಎಂದು ನಮ್ಮ ತರಬೇತಿಗಳಲ್ಲಿ ತಿಳಿದಿರುವುದು ಈ ಚಿಂತನೆಯ ಅರ್ಧವನ್ನೇ ಕೈಬಿಟ್ಟಂತೆ. ಕಟ್ಟುವುದರಷ್ಟೇ ಕಟ್ಟಿದ್ದು ಎಲ್ಲಿ ಮುರಿಯುತ್ತದೆ ಎಂಬುದನ್ನು ಕಾಣಿಸುವುದೂ ಶಿಕ್ಷಕರ ಕೆಲಸ. ಶಿಕ್ಷಕ ಶಿಕ್ಷಣದ ಪಠ್ಯಗಳನ್ನು ಕನ್ನಡದಲ್ಲಿ ಬರೆಯುವವರು ಮುಂದಿನ ಪರಿಷ್ಕರಣೆಯಲ್ಲಿ ಪಿಯಾಜೆಯ ಪಕ್ಕದಲ್ಲಿ ಆಶ್‌ಬಿ, ಬೇಟ್ಸನ್, ಮತುರಾನ ಮತ್ತು ಗ್ಲಾಸರ್ಸ್‌ಫೆಲ್ಡ್‌ರಿಗೂ ಕೆಲವು ಪುಟಗಳನ್ನು ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.